ರಾತ್ರಿ ಎರಡಕ್ಕೆ ಹೊಟ್ಟೆನೋವು, ಬಿಸ್ಕತ್ತು ತಿಂದರೆ ಇಳಿಯುತ್ತೆ: ಇದು ಗ್ಯಾಸ್ಟ್ರಿಕ್ಕೋ ಅಲ್ಸರ್ರೋ?

ಪೀಣ್ಯ_ಸೆಕೆಂಡ್‌ಶಿಫ್ಟ್

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 41, ತೂಕ 82. ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಸಿಎನ್‌ಸಿ ಆಪರೇಟರ್, ಮನೆ ಯಲಚೇನಹಳ್ಳಿ. ಮಧ್ಯಾಹ್ನ 2ರಿಂದ ರಾತ್ರಿ 10ರ ಶಿಫ್ಟು. ಮೆಟ್ರೋ ಹಿಡಿದು ಮನೆ ಸೇರೋ ಹೊತ್ತಿಗೆ ಹನ್ನೊಂದು ಕಾಲು. ಆಮೇಲೆ ಹೊಟ್ಟೆ ತುಂಬ ಊಟ, ಹನ್ನೆರಡಕ್ಕೆಲ್ಲ ಹಾಸಿಗೆ.

ಮೂರು ವರ್ಷದಿಂದ ಎದೆಯುರಿ ಇದೆ. ಮಲಗಿದ ಸ್ವಲ್ಪ ಹೊತ್ತಿಗೆ ಹುಳಿನೀರು ಗಂಟಲಿಗೆ ಬರುತ್ತೆ, ಎದ್ದು ಕೂರಬೇಕು. ಎರಡು ವರ್ಷದ ಹಿಂದೆ ಜೊತೆಯಲ್ಲಿ ಕೆಲಸ ಮಾಡೋರೊಬ್ಬರು ಆಮ್ಲ ಕಡಿಮೆ ಮಾಡೋ ಮಾತ್ರೆ, ಪ್ಯಾಂಟೊಪ್ರಜೋಲ್ 40 ತಗೋ ಅಂದರು. ಅವತ್ತಿಂದ ದಿನಾ ಒಂದು, ಬೆಳಿಗ್ಗೆ ತಿಂಡಿ ಆದ ಮೇಲೆ. ಡಾಕ್ಟರ ಹತ್ತಿರ ಹೋಗಿಲ್ಲ. ಎರಡು ಸಲ ಬಿಟ್ಟು ನೋಡಿದೆ, ಮೂರನೇ ದಿನಕ್ಕೇ ಮೊದಲಿಗಿಂತ ಜಾಸ್ತಿ ಉರಿ. ಮತ್ತೆ ಶುರು ಮಾಡಿದೆ.

ಈಗ ಎರಡು ತಿಂಗಳಿಂದ ನೋವಿನ ರೀತಿಯೇ ಬೇರೆ. ಎದೆಗೂಡಿನ ಕೆಳಗೆ, ಹೊಕ್ಕುಳಿನ ಮೇಲೆ, ಒಂದೇ ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ. ರಾತ್ರಿ ಎರಡು, ಎರಡೂವರೆಗೆ ಎಬ್ಬಿಸುತ್ತೆ, ತುಂಬಾ ಹಸಿದಾಗ ಕರುಳು ಹಿಂಡಿದ ಹಾಗೆ. ಮಕ್ಕಳು ಏಳಬಾರದು ಅಂತ ಲೈಟ್ ಹಾಕದೆ ಅಡುಗೆಮನೆಗೆ ಹೋಗಿ ಎರಡು ಮಾರಿ ಬಿಸ್ಕತ್ತು ತಿಂದು ಅರ್ಧ ಲೋಟ ಹಾಲು ಕುಡೀತೀನಿ. ಹತ್ತು ನಿಮಿಷಕ್ಕೆ ಇಳಿಯುತ್ತೆ.

ಇನ್ನೆರಡು ವಿಷಯ. ಎಂಟು ಗಂಟೆ ನಿಂತೇ ಕೆಲಸ, ಸೊಂಟನೋವಿಗೆ ವಾರದಲ್ಲಿ ಮೂರು ನಾಲ್ಕು ದಿನ ಡೈಕ್ಲೋಫೆನಾಕ್ ತಗೋತೀನಿ, ಊಟ ಆದ ಮೇಲೇನೇ. ಸಿಗರೇಟು ದಿನಕ್ಕೆ ನಾಲ್ಕು. ಕುಡಿಯೋದಿಲ್ಲ.

ಅಮ್ಮ ಫೋನ್ ಮಾಡಿದಾಗೆಲ್ಲ ಖಾರ ಬಿಡು, ಕಾಫಿ ಬಿಡು ಅಂತಾರೆ. ಹೆಂಡತಿ ಸಾರಿಗೆ ಮೆಣಸಿನಪುಡಿ ಹಾಕೋದನ್ನೇ ನಿಲ್ಲಿಸಿ ಒಂದು ತಿಂಗಳಾಯ್ತು, ಏನೂ ವ್ಯತ್ಯಾಸ ಇಲ್ಲ. ಇದು ಬರೀ ಗ್ಯಾಸ್ಟ್ರಿಕ್ಕಾ? ಹೊಟ್ಟೆ ಹುಣ್ಣು ಆಗಿರಬಹುದಾ? ಬಾಯಿಂದ ಕ್ಯಾಮೆರಾ ಇರೋ ಕೊಳವೆ ಇಳಿಸಿ ಹೊಟ್ಟೆ ನೋಡೋ ಎಂಡೋಸ್ಕೋಪಿ ಬೇಕೇ ಬೇಕಾ? ಅನುಭವ ಇರೋರು ದಯವಿಟ್ಟು ಹೇಳಿ.

ಮಲ್ಲೇಶ್ವರ_ಅಜ್ಜಿ

ನಮ್ಮ ಯಜಮಾನರಿಗೂ ಹೀಗೇ ಆಗ್ತಿತ್ತಪ್ಪ. ತಣ್ಣನೆ ಹಾಲು, ಮಧ್ಯಾಹ್ನ ನೀರು ಮಜ್ಜಿಗೆ, ರಾತ್ರಿ ಜೀರಿಗೆ ಕಷಾಯ ಕೊಡ್ತಿದ್ದೆ. ಆರಾಮಾಗಿದ್ದರು. ಹೊತ್ತಿಗೆ ಸರಿಯಾಗಿ ಊಟ ಮಾಡು. ಆದರೆ ರಾತ್ರಿ ನಿದ್ದೆಯಿಂದ ಎಬ್ಬಿಸೋ ನೋವು ಅಂದರೆ ತೋರಿಸಿಕೊಳ್ಳೋದೇ ಒಳ್ಳೇದು, ಮನೆಮದ್ದಿನಲ್ಲಿ ದಿನ ತಳ್ಳಬೇಡ.

ಔಷಧಿಯಂಗಡಿ_ಶ್ರೀನಗರ

24 ವರ್ಷದಿಂದ ಶ್ರೀನಗರದಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದೇನೆ. ನಾನು ಫಾರ್ಮಸಿಸ್ಟ್, ಡಾಕ್ಟರಲ್ಲ. ನಿಮಗೆ ಹುಣ್ಣಾಗಿದೆಯೋ ಇಲ್ಲವೋ ನಾನು ಹೇಳಲಾರೆ. ಆದರೆ ಡೈಕ್ಲೋಫೆನಾಕ್ ಅನ್ನೋ ಮಾತು ಓದಿದ ಮೇಲೆ ಬರೆಯದೆ ಇರೋಕಾಗಲಿಲ್ಲ. ಮೊದಲು ಅದನ್ನು ನಿಲ್ಲಿಸಿ. ಇವತ್ತೇ.

2011ರಲ್ಲಿ ನಮ್ಮ ತಂದೆಗೆ 68. ಮಂಡಿನೋವಿಗೆ ಅಸಿಕ್ಲೋಫೆನಾಕ್ ತಗೋತಿದ್ದರು, ಹೃದಯಕ್ಕೆ ಅಂತ ಆಸ್ಪಿರಿನ್ 75 ಬೇರೆ ಇತ್ತು. ಆ ನೋವಿನ ಮಾತ್ರೆಯ ಶೀಟು ಪ್ರತಿ ತಿಂಗಳೂ ನನ್ನ ಅಂಗಡಿಯಿಂದಲೇ, ನನ್ನ ಕೈಯಿಂದಲೇ ಹೋಗುತ್ತಿತ್ತು. ಅವರಿಗೆ ಹೊಟ್ಟೆನೋವು ಅಂತ ಒಂದು ದಿನವೂ ಇರಲಿಲ್ಲ. ಸುಸ್ತು ಅನ್ನುತ್ತಿದ್ದರು, ವಯಸ್ಸಾಯಿತು ಅಂದುಕೊಂಡೆವು. ಒಂದು ಬೆಳಿಗ್ಗೆ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಬಚ್ಚಲಮನೆಯಲ್ಲಿ ಯಾವತ್ತೂ ಇಲ್ಲದ ಕೆಟ್ಟ ವಾಸನೆ, ಮಲ ರಸ್ತೆಗೆ ಹಾಕೋ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿದೆ, ಎಷ್ಟು ನೀರು ಹಾಕಿದರೂ ಹೋಗ್ತಿಲ್ಲ ಅಂದರು. ಅವತ್ತೇ ಮಧ್ಯಾಹ್ನ ತಂದೆ ಗೇಟು ಹಿಡಿದುಕೊಂಡು ಹಾಗೇ ಕುಸಿದರು. ಹಿಮೋಗ್ಲೋಬಿನ್ 6.4. ಮೂರು ಬಾಟಲಿ ರಕ್ತ ಕೊಟ್ಟರು. ಎಂಡೋಸ್ಕೋಪಿಯಲ್ಲಿ ಜಠರದ ಕೆಳತುದಿಯಲ್ಲಿ ಹುಣ್ಣು, ಅದರಿಂದ ರಕ್ತ ಜಿನುಗುತ್ತಿತ್ತು. ದೇವರ ದಯೆ, ಉಳಿದರು. ಫಾರ್ಮಸಿ ಓದಿದ ಮಗ ಮನೆಯಲ್ಲೇ ಇದ್ದು ಇದು ಆಯಿತು ಅನ್ನೋದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

"ಊಟ ಆದ ಮೇಲೇನೇ ತಗೋತೀನಿ" ಅಂತ ನೀವೂ ಬರೆದಿದ್ದೀರಿ, ನಮ್ಮ ತಂದೆಯೂ ಹಾಗೇ ತಗೋತಿದ್ದರು. ಅದರಿಂದ ರಕ್ಷಣೆ ಸಿಗುವುದಿಲ್ಲ. ಜಠರದ ಒಳಗೋಡೆಗೆ ಒಂದು ಲೋಳೆಯ ಹೊದಿಕೆ ಇದೆ, ಆಮ್ಲದಿಂದ ಗೋಡೆಯನ್ನು ಕಾಯೋದು ಅದೇ. ಆ ಹೊದಿಕೆ ಸರಿಯಾಗಿರಲು ಪ್ರೋಸ್ಟಾಗ್ಲಾಂಡಿನ್ ಅನ್ನೋ ವಸ್ತು ಬೇಕು. ನೋವಿನ ಮಾತ್ರೆ ರಕ್ತಕ್ಕೆ ಸೇರಿ ಅದರ ಉತ್ಪತ್ತಿಯನ್ನೇ ತಡೆಯುತ್ತೆ. ಇಂಜೆಕ್ಷನ್ ತಗೊಂಡರೂ ಇದೇ ಕಥೆ. ಸದ್ಯಕ್ಕೆ ಸೊಂಟಕ್ಕೆ ಪ್ಯಾರಾಸಿಟಮಾಲ್ ಸಾಕು. ನಿಲ್ಲುವ ಕಡೆ ದಪ್ಪ ರಬ್ಬರ್ ಮ್ಯಾಟ್ ಹಾಕಿಸಿಕೊಳ್ಳಿ, ಒಮ್ಮೆ ಫಿಸಿಯೋಥೆರಪಿಯವರಿಗೆ ತೋರಿಸಿ.

ಈಗ ನಿಮ್ಮ ಪ್ಯಾಂಟೊಪ್ರಜೋಲ್ ವಿಷಯ. ನಮ್ಮ ಅಂಗಡಿ ಪಕ್ಕ ಒಂದು ದರ್ಶಿನಿ ಇದೆ. ಬೆಳಿಗ್ಗೆ ಇಡ್ಲಿ ತಿಂದು, ಕಾಫಿ ಮುಗಿಸಿ, "ಒಂದು ಶೀಟು ಪ್ಯಾನ್ ಫಾರ್ಟಿ ಕೊಡಿ" ಅಂತ ತಗೊಂಡು ಕೌಂಟರ್ ಮುಂದೆಯೇ ನುಂಗಿ ಹೋಗುವವರನ್ನು ದಿನಾ ನೋಡುತ್ತೇನೆ. ಹಾಗೆ ತಗೊಂಡರೆ ಮಾತ್ರೆಯ ಅರ್ಧ ಕೆಲಸ ಹಾಳು. ಆಮ್ಲ ಸುರಿಸುವ ಪಂಪುಗಳು ಊಟ ಬಿದ್ದಾಗಲೇ ಚಾಲೂ ಆಗೋದು, ಚಾಲೂ ಆದ ಪಂಪನ್ನು ಮಾತ್ರ ಈ ಮಾತ್ರೆ ಕಟ್ಟಿಹಾಕೋದು. ರಕ್ತದಲ್ಲಿ ಅದು ಇರೋದೂ ಕೆಲವೇ ಗಂಟೆ. ಅದಕ್ಕೇ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು, ಬರೀ ನೀರಿನಲ್ಲಿ ತಗೋಬೇಕು. ಕಾಫಿ ಆಮೇಲೆ. ಎರಡು ವರ್ಷ ನುಂಗಿಯೂ ರಾತ್ರಿ ಹುಳಿನೀರು ನಿಲ್ಲಲಿಲ್ಲ ಅಂದರೆ ಇದೂ ಒಂದು ಕಾರಣ ಇರಬಹುದು.

ಬಿಟ್ಟಾಗ ಉರಿ ಜಾಸ್ತಿ ಆಗಿದ್ದಕ್ಕೂ ಕಾರಣ ಇದೆ. ತಿಂಗಳುಗಟ್ಟಲೆ ಆಮ್ಲ ತಡೆದರೆ ದೇಹ ಇನ್ನಷ್ಟು ಆಮ್ಲಕ್ಕೆ ತಯಾರಿ ಮಾಡಿಕೊಂಡಿರುತ್ತೆ, ತಡೆ ತೆಗೆದ ತಕ್ಷಣ ಕೆಲವು ವಾರ ಉಕ್ಕುತ್ತೆ. ಒಂದೇ ಸಲ ನಿಲ್ಲಿಸೋ ಬದಲು ಡೋಸು ಇಳಿಸಿ, ದಿನ ಬಿಟ್ಟು ದಿನ ಮಾಡಿ, ಮಧ್ಯೆ ಉರಿದರೆ ಆಂಟಾಸಿಡ್ ದ್ರವ ಕುಡಿದು ಬಿಡಿಸುತ್ತಾರೆ. ಆದರೆ ಈಗಲ್ಲ, ಹುಣ್ಣು ಇದೆಯೋ ಇಲ್ಲವೋ ತಿಳಿದ ಮೇಲೆ, ಡಾಕ್ಟರ್ ಹೇಳಿದರೆ. ವರ್ಷಗಟ್ಟಲೆ ತಗೊಂಡವರಿಗೆ ಬಿ12, ಮೆಗ್ನೀಷಿಯಂ ಕಡಿಮೆ ಆಗೋದುಂಟು, ಅದನ್ನೂ ಕೇಳಿ.

ಖಾರದಿಂದ ಹುಣ್ಣಾಗುತ್ತೆ ಅನ್ನೋದು ನಿಮ್ಮ ತಾಯಿ ಒಬ್ಬರ ನಂಬಿಕೆ ಅಲ್ಲ, ಒಂದು ಕಾಲಕ್ಕೆ ಡಾಕ್ಟರುಗಳೂ ಖಾರ, ಟೆನ್ಷನ್ ಅಂತಲೇ ಹೇಳುತ್ತಿದ್ದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಅನ್ನೋ ಇಬ್ಬರು ಹುಣ್ಣಿನವರ ಹೊಟ್ಟೆಯಲ್ಲಿ ಸುರುಳಿ ಆಕಾರದ ಒಂದು ಬ್ಯಾಕ್ಟೀರಿಯಾ ಕಂಡು, 1982ರಲ್ಲಿ ಅದನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ತಾನೇ ಆ ಬ್ಯಾಕ್ಟೀರಿಯಾ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ, ಎಲ್ಲರೂ ಎಚ್. ಪೈಲೋರಿ ಅಂತಾರೆ. ಹುಣ್ಣಿಗೆ ದೊಡ್ಡ ಕಾರಣಗಳು ಎರಡೇ: ಈ ಬ್ಯಾಕ್ಟೀರಿಯಾ, ಮತ್ತೆ ನೋವಿನ ಮಾತ್ರೆ. ಖಾರ ತಿಂದರೆ ಉರಿ ಎದ್ದು ಕಾಣಬಹುದು, ಅಷ್ಟೇ. ನಿಮ್ಮ ಮನೆಯವರು ಪಾಪ ಸಾರಿಗೆ ಒಂದಿಷ್ಟು ಮೆಣಸಿನಪುಡಿ ಹಾಕಲಿ.

ಅಜ್ಜಿ ಹೇಳಿದ ಹಾಲು ಆ ಹೊತ್ತಿಗೆ ತಂಪು ಕೊಡೋದು ನಿಜ, ಆಮೇಲೆ ಅದೇ ಹಾಲು ಆಮ್ಲ ಹೆಚ್ಚಿಸುತ್ತೆ. ಅದನ್ನೇ ಔಷಧಿ ಅಂದುಕೊಳ್ಳಬೇಡಿ.

ತಿಂದರೆ ಇಳಿಯೋ, ನಡುರಾತ್ರಿ ಎಬ್ಬಿಸೋ ನೋವು ಸಣ್ಣಕರುಳಿನ ಮೊದಲ ಭಾಗದ ಹುಣ್ಣಿನ ಲಕ್ಷಣ ಅಂತ ನಾವು ಓದಿದ್ದು. ಆದ್ದರಿಂದ ಎಂಡೋಸ್ಕೋಪಿ ಬೇಕಾ ಅಂತ ಇಲ್ಲಿ ಕೇಳೋ ಬದಲು ಗ್ಯಾಸ್ಟ್ರೋಎಂಟರಾಲಜಿಸ್ಟ್, ಅಂದರೆ ಹೊಟ್ಟೆ ಕರುಳಿನ ತಜ್ಞರ ಹತ್ತಿರ ಹೋಗಿ. ನಿಮ್ಮದು ಮೆಟ್ರೋ ಗ್ರೀನ್ ಲೈನ್ ತಾನೇ? ಕೆ.ಆರ್. ಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರದ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ಎರಡು ವರ್ಷದಿಂದ ಪ್ಯಾಂಟೊಪ್ರಜೋಲ್ ತಗೋತಿದ್ದೀನಿ ಅಂತ ಮರೆಯದೆ ಹೇಳಿ, ಈ ಮಾತ್ರೆ ಹೊಟ್ಟೆಯಲ್ಲಿದ್ದರೆ ಎಚ್. ಪೈಲೋರಿ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಇದ್ದೂ ಇಲ್ಲ ಅಂತ ಬರಬಹುದು.

ಕಪ್ಪು ಮಲ, ರಕ್ತವಾಂತಿ, ಕಾಫಿಗಸಿಯಂಥ ವಾಂತಿ, ತಲೆಸುತ್ತು ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಎಮರ್ಜೆನ್ಸಿಗೆ ಹೋಗಿ. ನುಂಗಲು ಕಷ್ಟ, ಕಾರಣ ಇಲ್ಲದೆ ತೂಕ ಇಳಿಯೋದು, ಇವೂ ತಡ ಮಾಡುವಂಥದ್ದಲ್ಲ. ನಡೆದಾಗ ಎದೆ ಹಿಂಡಿ ಬೆವರು ಬಂದರಂತೂ ಗ್ಯಾಸ್ಟ್ರಿಕ್ ಅಂತ ಮಲಗಬೇಡಿ, ಮೊದಲು ಇಸಿಜಿ.

ಪೀಣ್ಯ_ಸೆಕೆಂಡ್‌ಶಿಫ್ಟ್

ಸರ್, ನಿಮ್ಮ ತಂದೆಯವರ ವಿಷಯ ಓದಿ ಕೈಕಾಲು ತಣ್ಣಗಾಯ್ತು. ಡೈಕ್ಲೋಫೆನಾಕ್ ಶೀಟು ಕಸಕ್ಕೆ ಹಾಕಿದೆ. ಕಪ್ಪು ಮಲ ಆಗಿಲ್ಲ. ರಾತ್ರಿ ಹುಳಿನೀರಿಗೆ ಏನು ಮಾಡಲಿ? ಶಿಫ್ಟು ಬದಲಾಯಿಸೋ ಹಾಗಿಲ್ಲ. ತಲೆದಿಂಬು ಎರಡು ಇಟ್ಟುಕೊಂಡರೂ ಪ್ರಯೋಜನ ಇಲ್ಲ.

ಔಷಧಿಯಂಗಡಿ_ಶ್ರೀನಗರ

ದಿಂಬು ಬೇಡ. ದಿಂಬಿನಿಂದ ಕುತ್ತಿಗೆ ಬಾಗುತ್ತೆ, ಹೊಟ್ಟೆ ಮಡಚಿ ಇನ್ನೂ ಒತ್ತುತ್ತೆ. ಮಂಚದ ತಲೆಕಡೆಯ ಎರಡು ಕಾಲಿನ ಕೆಳಗೆ ಎರಡೆರಡು ಇಟ್ಟಿಗೆ ಅಡ್ಡಡ್ಡ ಇಡಿ, ಆರಿಂದ ಎಂಟು ಇಂಚು ಏರಬೇಕು. ಎಡಮಗ್ಗುಲಿಗೆ ಮಲಗಿ. ದೊಡ್ಡ ಊಟ ಡಬ್ಬಿಯಲ್ಲಿ ತಗೊಂಡು ಹೋಗಿ ಎಂಟು ಗಂಟೆ ಬ್ರೇಕಿನಲ್ಲೇ ಮುಗಿಸಿ, ಮನೆಗೆ ಬಂದ ಮೇಲೆ ತಿನ್ನಲೇಬೇಡಿ. ಮಲಗೋಕೆ ಮೂರು ಗಂಟೆ ಮೊದಲೇ ಹೊಟ್ಟೆಯ ಕೆಲಸ ಮುಗಿದಿರಬೇಕು. ತೂಕ ನಾಲ್ಕೈದು ಕೆಜಿ ಇಳಿದರೂ ವ್ಯತ್ಯಾಸ ಗೊತ್ತಾಗುತ್ತೆ. ಸಿಗರೇಟು ಹುಣ್ಣು ಮಾಯೋದನ್ನೇ ತಡೆಯುತ್ತೆ, ಅದನ್ನು ಬಿಡಲೇಬೇಕು. ಕಾಫಿ ಕುಡಿದಾಗ ಉರಿ ಬಂದರೆ ಬಿಡಿ, ಬರದಿದ್ದರೆ ಬೆಳಗಿನ ಒಂದು ಲೋಟಕ್ಕೆ ನನ್ನ ತಕರಾರಿಲ್ಲ.

ವಿಜಯನಗರ_ಟೀಚರ್

ನನಗೆ ಎಚ್. ಪೈಲೋರಿ ಇತ್ತು, ಕೋರ್ಸ್ ಮುಗಿಸಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಎಂಡೋಸ್ಕೋಪಿಗೆ ಹೆದರಬೇಡಿ. ರಾತ್ರಿಯಿಂದ ಏನೂ ತಿನ್ನದೆ ಹೋಗಬೇಕು, ಗಂಟಲಿಗೆ ಕಹಿ ಸ್ಪ್ರೇ ಹೊಡೆದು ಮರಗಟ್ಟಿಸ್ತಾರೆ, ಎಡಕ್ಕೆ ತಿರುಗಿಸಿ ಮಲಗಿಸ್ತಾರೆ, ಹತ್ತು ನಿಮಿಷ. ವಾಕರಿಕೆ ಬರುತ್ತೆ, ನೋವಿರಲ್ಲ. ಜಠರದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರು ತೆಗೆದು ಹಳದಿ ಜೆಲ್‌ನಲ್ಲಿಟ್ಟರು, ನಾನು ಎದ್ದು ಕೂರೋ ಹೊತ್ತಿಗೆ ಅದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅಂದರೆ ಇದೆ ಅಂತ.

14 ದಿನ ನಾಲ್ಕು ಥರದ ಔಷಧಿ: ಆಮ್ಲದ ಮಾತ್ರೆ, ಬಿಸ್ಮತ್, ಎರಡು ಆಂಟಿಬಯಾಟಿಕ್. ಮೂರನೇ ದಿನದಿಂದ ಬಾಯಲ್ಲಿ ತಾಮ್ರದ ಚೊಂಬು ನೆಕ್ಕಿದಂಥ ರುಚಿ, ತಿಳಿಸಾರೂ ಸೇರುತ್ತಿರಲಿಲ್ಲ. ನಾಲಿಗೆ, ಮಲ ಎರಡೂ ಕಪ್ಪಾಯಿತು, ಹೆದರಿ ಫೋನ್ ಮಾಡಿದರೆ ಬಿಸ್ಮತ್‌ನಿಂದ ಹಾಗಾಗುತ್ತೆ ಅಂದರು. ಔಷಧಿಯಂಗಡಿಯವರು ಹೇಳಿದ ಅಂಟುಡಾಂಬರು ಬೇರೆ, ಇದು ಬೇರೆ, ಆದರೂ ಅನುಮಾನ ಬಂದರೆ ಕೇಳಿಬಿಡಿ. ಎಷ್ಟೇ ಬೇಜಾರಾದರೂ ಮಧ್ಯ ನಿಲ್ಲಿಸಬೇಡಿ. ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಆ ಆಂಟಿಬಯಾಟಿಕ್‌ಗೆ ಬಗ್ಗದ ಹಾಗಾಗುತ್ತೆ. ಕೋರ್ಸ್ ಮುಗಿದು ನಾಲ್ಕು ವಾರ ಆದ ಮೇಲೆ, ಆಮ್ಲದ ಮಾತ್ರೆ ಎರಡು ವಾರ ಬಿಟ್ಟಿದ್ದು, ಉಸಿರಿನ ಪರೀಕ್ಷೆ ಮಾಡಿಸಿದೆ. ಬ್ಯಾಕ್ಟೀರಿಯಾ ಹೋಗಿತ್ತು. ಈ ಕೊನೇ ಪರೀಕ್ಷೆ ಬಹಳ ಜನ ಮಾಡಿಸೋದೇ ಇಲ್ಲ, ನೀವು ಬಿಡಬೇಡಿ.

ಪೀಣ್ಯ_ಸೆಕೆಂಡ್‌ಶಿಫ್ಟ್

ಮೂರು ವಾರ ಆಯ್ತು, ಹೇಳಬೇಕು ಅಂತ ಬಂದೆ. ಎಂಡೋಸ್ಕೋಪಿ ಆಯ್ತು. ಸಣ್ಣಕರುಳಿನ ಶುರುವಿನಲ್ಲೇ 6 ಮಿಲಿಮೀಟರ್ ಹುಣ್ಣು. ಎರಡು ಜಾಗದಿಂದ ಚೂರು ತೆಗೆದರು, ಎಚ್. ಪೈಲೋರಿ ಪಾಸಿಟಿವ್. ಬ್ಯಾಕ್ಟೀರಿಯಾ ಒಂದು ಕಡೆ, ಡೈಕ್ಲೋಫೆನಾಕ್ ಇನ್ನೊಂದು ಕಡೆ, ಎರಡೂ ಸೇರಿ ಹೀಗಾಗಿದೆ ಅಂದರು ಡಾಕ್ಟರು. ಇವತ್ತಿಗೆ ಕೋರ್ಸಿನ 11ನೇ ದಿನ. ಟೀಚರ್ ಹೇಳಿದ ತಾಮ್ರದ ರುಚಿ ನನಗೂ ಇದೆ, ಬಿಡದೆ ನುಂಗ್ತಾ ಇದೀನಿ. ಸಿಗರೇಟು ಒಂದಕ್ಕೆ ಬಂದಿದೆ. ಮಂಚದ ಕೆಳಗೆ ನಾಲ್ಕು ಇಟ್ಟಿಗೆ ಇಟ್ಟಿದ್ದೀವಿ. ಮೊದಲ ಎರಡು ರಾತ್ರಿ ಕೆಳಗೆ ಜಾರಿದ ಹಾಗಾಗ್ತಿತ್ತು, ಈಗ ಅಭ್ಯಾಸ ಆಗಿದೆ. ಮೊನ್ನೆಯಿಂದ ಎರಡು ಗಂಟೆಗೆ ಎಚ್ಚರ ಆಗಿಲ್ಲ. ಮುಂದಿನ ತಿಂಗಳು 19ಕ್ಕೆ ಉಸಿರಿನ ಪರೀಕ್ಷೆ, ರಿಪೋರ್ಟ್ ಬಂದ ದಿನ ಇಲ್ಲೇ ಬರೀತೀನಿ.