ಥೈರಾಯ್ಡ್ ಮಾತ್ರೆ, ಮುಂಜಾನೆಯ ಕಾಫಿ, ಮರಗೆಣಸು: ಪಥ್ಯ ಎಷ್ಟು ಬೇಕು?

ಪ್ರಶ್ನೆ: ಬದಿಯಡ್ಕದ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಚೌತಿಯ ಹೊತ್ತಿಗೆ ವಿಪರೀತ ಆಯಾಸ, ಮಲಬದ್ಧತೆ, ಬಾಚಣಿಗೆ ತುಂಬ ಕೂದಲು ಎಂದು ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ 14.6 ಇತ್ತು (ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದಾಗ ರಕ್ತದಲ್ಲಿ ಏರುವ ಹಾರ್ಮೋನಂತೆ ಇದು). ವೈದ್ಯರು 50 ಮೈಕ್ರೋಗ್ರಾಮಿನ ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದ ಮೇಲೆ ನೋಡಿದರೆ 12ಕ್ಕೆ ಇಳಿದಿದೆ, ಅಷ್ಟೆ. ಪಥ್ಯದ ಚೀಟಿ ಮಲೆಯಾಳದಲ್ಲಿದ್ದುದರಿಂದ ಆರನೆಯ ತರಗತಿಯ ಮಗಳಿಂದ ಓದಿಸಿದೆ: ಎಲೆಕೋಸು, ಹೂಕೋಸು, ಸೋಯಾ, ಕಪ್ಪ (ಮರಗೆಣಸು) ಬೇಡವಂತೆ. ಅತ್ತೆಯವರು ಅದಕ್ಕೆ ಮೂಲಂಗಿಯನ್ನೂ ಸೇರಿಸಿದ್ದಾರೆ. ಮರಗೆಣಸು ನಮ್ಮ ಗುಡ್ಡೆಯಲ್ಲಿಯೇ ಬೆಳೆಯುವುದರಿಂದ ಅದನ್ನು ಪೂರ್ತಿ ಬಿಡುವುದು ಕಷ್ಟ. ಬೆಳಗ್ಗೆ ಐದಕ್ಕೆ ಎದ್ದು, ಕಾಫಿಯೊಂದಿಗೆ ಮಾತ್ರೆ ನುಂಗಿ, ಹಸು ಕರೆದು, ಆರೂವರೆಗೆ ಸೊಸೈಟಿಗೆ ಹಾಲು ಮುಟ್ಟಿಸಿ ಬಂದು, ಗಂಜಿ ಉಂಡು, ರಕ್ತಹೀನತೆಗೆ ಕೊಟ್ಟ ಕಬ್ಬಿಣಾಂಶದ ಗುಳಿಗೆ ತೆಗೆದುಕೊಳ್ಳುತ್ತೇನೆ. ಇನ್ನು ಯಾವ ಆಹಾರವನ್ನು ಬಿಟ್ಟರೆ ಟಿಎಸ್‌ಎಚ್ ಇಳಿದೀತು? ಆಹಾರದಿಂದಲೇ ಮಾತ್ರೆಯನ್ನು ಬಿಡಲು ಸಾಧ್ಯವಾದೀತೇ?

ಉತ್ತರ: ಕುಂಬಳೆಯ ನಿವೃತ್ತ ಫಾರ್ಮಸಿಸ್ಟ್

ತಂಗೀ, ತರಕಾರಿಯ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ತೊಂದರೆ ಬಹುಶಃ ಬೆಳಗಿನ ಐದು ಗಂಟೆಯ ಲೋಟದಲ್ಲಿದೆ. ಕಾಫಿ ಈ ಮಾತ್ರೆಯನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತದೆ, ಹಾಲಿನಲ್ಲಿರುವ ಸುಣ್ಣದಂಶವೂ ಅದನ್ನೇ ಮಾಡುತ್ತದೆ. ಬರಿಯ ನೀರಿನಲ್ಲಿ ನುಂಗಿ, ಅನಂತರ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ನೀರಲ್ಲದೆ ಬೇರೇನನ್ನೂ ಬಾಯಿಗೆ ಹಾಕದಿದ್ದರೆ ಮಾತ್ರ ಅದು ಸರಿಯಾಗಿ ರಕ್ತಕ್ಕೆ ಸೇರುತ್ತದೆ. ಕಬ್ಬಿಣಾಂಶದ ಗುಳಿಗೆಗೂ ಇದಕ್ಕೂ ನಾಲ್ಕು ಗಂಟೆಗಳ ಅಂತರವಿರಬೇಕು. ಕ್ಯಾಲ್ಸಿಯಂ ಗುಳಿಗೆಗೂ ಹುಳಿತೇಗಿನ ಔಷಧಿಗೂ ಇದೇ ನಿಯಮ. ಆದುದರಿಂದ ಕಬ್ಬಿಣದ್ದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಸರಿಸಿ. ಬೆಳಗ್ಗೆ ಸಾಧ್ಯವೇ ಇಲ್ಲದವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ, ಮಲಗುವ ಮುನ್ನ, ತೆಗೆದುಕೊಳ್ಳುವುದೂ ಉಂಟು.

ಇನ್ನೊಂದು ಮಾತು. ಟಿಎಸ್‌ಎಚ್ ಇಳಿಯಲಿಲ್ಲವೆಂದು ವೈದ್ಯರು ಪ್ರಮಾಣವನ್ನು 75ಕ್ಕೆ ಏರಿಸುವ ಮೊದಲು ಈ ಕಾಫಿಯ ಸಂಗತಿಯನ್ನು ಅವರಿಗೆ ತಿಳಿಸಿ. ಪ್ರಮಾಣವನ್ನೂ ಏರಿಸಿ, ಸಮಯವನ್ನೂ ಸರಿಪಡಿಸಿದರೆ ಔಷಧಿ ಅಧಿಕವಾಗಿ ಎದೆಬಡಿತ, ಕೈನಡುಕ, ನಿದ್ರೆ ಬಾರದಿರುವುದು ಶುರುವಾದೀತು. ಅಂಗಡಿಯಲ್ಲಿ ಕುಳಿತಿದ್ದ ಕಾಲದಲ್ಲಿ ಇಂಥದ್ದನ್ನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಈ ಔಷಧಿಯ ಅರ್ಧಾಂಶ ದೇಹದಿಂದ ಕಳೆಯುವುದಕ್ಕೆ ಸುಮಾರು ಒಂದು ವಾರ ಬೇಕು. ಹಾಗಾಗಿ ಯಾವ ಬದಲಾವಣೆಯ ಫಲವನ್ನೂ 6–8 ವಾರಗಳ ಮೊದಲು ಅಳೆಯುವುದರಲ್ಲಿ ಅರ್ಥವಿಲ್ಲ.

ಉತ್ತರ: ಪೆರ್ಲದ ಅಧ್ಯಾಪಕಿ

ಹನ್ನೊಂದು ವರ್ಷಗಳಿಂದ ಈ ಮಾತ್ರೆ ನುಂಗುತ್ತಿರುವವಳಾಗಿ ಮರಗೆಣಸಿನ ಬಗ್ಗೆ ಹೇಳುತ್ತೇನೆ. ಅದರಲ್ಲಿರುವ ಸಯನೈಡ್ ಸಂಬಂಧಿ ಅಂಶ ದೇಹದಲ್ಲಿ ಥಯೋಸಯನೇಟ್ ಆಗಿ ಮಾರ್ಪಟ್ಟು ಗ್ರಂಥಿಗೆ ಅಯೋಡಿನ್ ಸೇರುವುದನ್ನು ತಡೆಯುತ್ತದೆ ಎಂಬುದು ನಿಜ. ಆದರೆ ಅದು ದೊಡ್ಡ ತೊಂದರೆಯಾಗುವುದು ಅಯೋಡಿನ್ ಕೊರತೆಯಿರುವ ಕಡೆ, ಅದನ್ನೇ ಮೂರು ಹೊತ್ತೂ ಉಣ್ಣುವವರಲ್ಲಿ. ಸಿಪ್ಪೆ ತೆಗೆದು, ಹೋಳು ಮಾಡಿ, ಬೇಯಿಸಿದ ನೀರನ್ನು ಪೂರ್ತಿ ಬಸಿದು ಚೆಲ್ಲುವ ನಮ್ಮ ಅಜ್ಜಿಯಂದಿರ ಕ್ರಮದಲ್ಲಿಯೇ ಅದರ ಬಹುಪಾಲು ಹೋಗುತ್ತದೆ. ನಾನು ವಾರಕ್ಕೊಮ್ಮೆ ಬಂಗುಡೆ ಸಾರಿನೊಂದಿಗೆ ತಿನ್ನುತ್ತೇನೆ, ಮೀನಿನಲ್ಲಿ ಅಯೋಡಿನ್ನೂ ಸೆಲೆನಿಯಮ್ಮೂ ಇರುತ್ತವೆ. ಎಲೆಕೋಸು, ಮೂಲಂಗಿಗಳನ್ನು ಬೇಯಿಸಿ ಹಿತಮಿತವಾಗಿ ತಿಂದರೆ ಹೆದರಬೇಕಾಗಿಲ್ಲ. ಸೋಯಾದ ವಿಷಯದಲ್ಲಿ ಮಾತ್ರೆಯಿಂದ ಅಂತರವಿದ್ದರೆ ಸಾಕು.

ನಮ್ಮ ಮನೆಯಲ್ಲಿ ನಿಜವಾಗಿ ತಪ್ಪಿದ್ದು ಉಪ್ಪಿನ ಭರಣಿಯಲ್ಲಿ. ಒಲೆಯ ಪಕ್ಕದಲ್ಲಿ ಬಾಯಿ ತೆರೆದು ಇಟ್ಟರೆ ಅಯೋಡಿನ್ ಕ್ರಮೇಣ ಕಡಿಮೆಯಾಗುತ್ತದೆ, ಆದ್ದರಿಂದ ಮುಚ್ಚಿಡಬೇಕು, ಅಡುಗೆಗೆ ಕೊನೆಯಲ್ಲಿ ಹಾಕಬೇಕು. ಮನೆಗೆ ತಲುಪುವ ಕಿಲೋ ಉಪ್ಪಿನಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬುದು ನಿಯಮ, ವಯಸ್ಕರಿಗೆ ಬೇಕಾಗುವುದು ದಿನಕ್ಕೆ 150 ಮೈಕ್ರೋಗ್ರಾಂ ಮಾತ್ರ. ಅಯೋಡಿನ್ ಒಳ್ಳೆಯದೆಂದು ಕಡಲಪಾಚಿಯ ಗುಳಿಗೆಗಳನ್ನು ತರಿಸಿ ತಿನ್ನಬೇಡಿ, ಅತಿಯಾದರೆ ಕಾಯಿಲೆ ಹೆಚ್ಚುತ್ತದೆ. ಮಳೆಗಾಲದಲ್ಲಿ ಮಾತ್ರೆಯ ಬಾಟ್ಲಿಯನ್ನೂ ಅಡುಗೆಮನೆಯಿಂದ ಹೊರಗಿಡಿ, ಬಿಸಿ ಮತ್ತು ತೇವಕ್ಕೆ ಅದು ಹಾಳಾಗುತ್ತದೆ.

ಉತ್ತರ: ಮುಳ್ಳೇರಿಯದ ಕೃಷಿಕ

ನನ್ನ ಅತ್ತಿಗೆ ರಾತ್ರಿ ನೆನೆಸಿದ ಕೊತ್ತಂಬರಿ ಬೀಜದ ನೀರನ್ನು ಕುಡಿಯುತ್ತಾರೆ. ಮಾತ್ರೆ ಬಿಡಬಹುದೆಂದು ಯಾರೋ ಹೇಳಿದ್ದಾರಂತೆ. ಇದು ಸರಿಯೇ?

ಉತ್ತರ: ಕುಂಬಳೆಯ ನಿವೃತ್ತ ಫಾರ್ಮಸಿಸ್ಟ್

ಭಾವಯ್ಯ, ಕೊತ್ತಂಬರಿ ನೀರು ಕುಡಿಯಲಿ, ಮಾತ್ರೆಯ ಬದಲಿಗೆ ಮಾತ್ರ ಬೇಡ. ಸಾಕಷ್ಟು ಅಯೋಡಿನ್ ಸಿಗುವ ಕಡೆ ಈ ಕಾಯಿಲೆಗೆ ಮುಖ್ಯ ಕಾರಣ ಹಶಿಮೊಟೊ ಥೈರಾಯ್ಡೈಟಿಸ್. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ವಿವರಿಸಿದ್ದು. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಸವೆಸಿರುವಾಗ ಯಾವ ಬೀಜದ ನೀರೂ ಅದನ್ನು ಮತ್ತೆ ಕಟ್ಟಲಾರದು. ಹಠಾತ್ತಾಗಿ ಬಿಟ್ಟವರಿಗೆ ಕೆಲವು ವಾರ ಏನೂ ಆಗದಂತೆ ತೋರುತ್ತದೆ, ಮೋಸ ಹೋಗುವುದು ಅಲ್ಲಿಯೇ. ಗರ್ಭಿಣಿಯರಂತೂ ಬಿಡಲೇಬಾರದು, ಅವರಿಗೆ ಸಾಮಾನ್ಯವಾಗಿ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ.

ಮರುಪ್ರಶ್ನೆ: ಬದಿಯಡ್ಕದ ಗೃಹಿಣಿ

ಅಣ್ಣನಿಗೂ ಅಕ್ಕನಿಗೂ ಧನ್ಯವಾದ. ವೈದ್ಯರಲ್ಲಿ ಕಾಫಿಯ ವಿಷಯ ಹೇಳಿದೆ. ಅವರು 50ರಲ್ಲಿಯೇ ಮುಂದುವರಿಸಿ ಎಂಟು ವಾರ ಬಿಟ್ಟು ಬರಲು ತಿಳಿಸಿದರು. ಈಗ ಮಾತ್ರೆ ಹಾಸಿಗೆಯ ಪಕ್ಕದಲ್ಲಿದೆ, ಎದ್ದ ಕೂಡಲೇ ನೀರಿನಲ್ಲಿ ನುಂಗಿ ಹಟ್ಟಿಗೆ ಹೋಗುತ್ತೇನೆ, ಕಾಫಿ ಸೊಸೈಟಿಯಿಂದ ಬಂದ ಮೇಲೆಯೇ. ಆ ಒಂದೂವರೆ ಗಂಟೆ ತಲೆನೋವು ಬರುತ್ತದೆ, ಅಭ್ಯಾಸವಾದೀತು. ಒಂದು ಸಂಶಯ ಉಳಿದಿದೆ: ಎರಡು ವರ್ಷಗಳಲ್ಲಿ ತೂಕ 9 ಕಿಲೋ ಏರಿದೆ. ಅದೂ ಇದರಿಂದಲೇ?

ಉತ್ತರ: ಪೆರ್ಲದ ಅಧ್ಯಾಪಕಿ

ಪೂರ್ತಿ ಅಲ್ಲ ತಂಗೀ. ಈ ಕಾಯಿಲೆಯಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕಿಲೋ, ಅದರಲ್ಲಿಯೂ ಹೆಚ್ಚಿನದು ದೇಹದಲ್ಲಿ ನಿಂತ ಉಪ್ಪು–ನೀರು. ನಾನು ರಾತ್ರಿಯ ಕುಚ್ಚಲಕ್ಕಿ ಅನ್ನವನ್ನು ಅರ್ಧಕ್ಕಿಳಿಸಿ ಹರಿವೆ, ಬಸಳೆಗಳನ್ನು ಹೆಚ್ಚಿಸಿದೆ, ಸಂಜೆ ಮುಕ್ಕಾಲು ಗಂಟೆ ನಡೆದೆ. ಆದರೆ ಇದನ್ನು ಟಿಎಸ್‌ಎಚ್ ಹತೋಟಿಗೆ ಬಂದ ಮೇಲೆ ಶುರುಮಾಡಿದ್ದು. ಅದಕ್ಕೆ ಮೊದಲು ಮೆಟ್ಟಿಲು ಹತ್ತುವಾಗಲೇ ಏದುಸಿರು ಬರುತ್ತಿತ್ತು. ನೀವೂ ಈ ಎಂಟು ವಾರ ದಾಟಲಿ.