ಪೀಣ್ಯದ 70 ಜನರ ಸಿಎನ್‌ಸಿ ಶಾಪ್‌ಗೆ ವಾರಕ್ಕೆ ಎರಡು ದಿನದ ಎಚ್‌ಆರ್ ಹೆಡ್ ಸಾಕೇ?

ಟರ್ನಿಂಗ್‌ಶಾಪ್:
ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಟರ್ನಿಂಗ್, ಮಿಲ್ಲಿಂಗ್ ಕೆಲಸ. ಕಂಪನಿ ರೋಲ್‌ನಲ್ಲಿ 43 ಜನ, ಕಾಂಟ್ರಾಕ್ಟರ್ ಕಡೆಯಿಂದ 27. ಈಗ ಎರಡು ಶಿಫ್ಟ್, ಹೊಸ ಆರ್ಡರ್ ಬಂದರೆ ಮೂರನೆಯದೂ ಬೇಕು. ಪಿಎಫ್, ಇಎಸ್‌ಐ ಎಲ್ಲ ಅಕೌಂಟೆಂಟ್ ಕೈಲಿದೆ. ಮೆಷಿನ್‌ಗೆ ಟೂಲ್, ಪ್ರೋಗ್ರಾಂ ಹೊಂದಿಸುವ ಸೆಟ್ಟರ್‌ಗಳು ನಿಲ್ಲುತ್ತಿಲ್ಲ. ಫುಲ್ ಟೈಮ್ ಎಚ್‌ಆರ್ ಮ್ಯಾನೇಜರ್ ಸಂಬಳ ಈಗಲೇ ಭಾರ. ಪಾರ್ಟ್ ಟೈಮ್ ಹೆಡ್ ತಗೊಂಡರೆ ಏನು ವಹಿಸಬೇಕು, ಏನು ವಹಿಸಬಾರದು?

ಮಸ್ಟರ್‌ರೋಲ್:
ಎರಡು ದಿನ ಸಾಕು ಸರ್, ಆದರೆ ಅವರೊಬ್ಬರೇ ಸಾಲದು. ದಿನಾ ಶಾಪ್‌ನಲ್ಲೇ ಇರುವ ಟೈಮ್ ಆಫೀಸ್ ಅಸಿಸ್ಟೆಂಟ್ ಒಬ್ಬರು ಬೇಕೇ ಬೇಕು. ಹಾಜರಿ, ರಜೆ ಚೀಟಿ, ಹೊಸಬರ ಆಧಾರ್, ಯುಎಎನ್ (ಪಿಎಫ್ ನಂಬರ್) ಇವೆಲ್ಲ ಆ ಅಸಿಸ್ಟೆಂಟ್ ಕೆಲಸ. ಅದನ್ನೂ ಹೆಡ್ ತಲೆಗೆ ಕಟ್ಟಿದರೆ ದುಬಾರಿ ಗುಮಾಸ್ತರೊಬ್ಬರನ್ನು ಇಟ್ಟುಕೊಂಡ ಹಾಗಾಗುತ್ತೆ. ಹೆಡ್ ನೋಡಬೇಕಾದ್ದು ಸಂಬಳದ ಗ್ರೇಡ್, ಸೂಪರ್‌ವೈಸರ್‌ಗಳು, ಕಾಂಟ್ರಾಕ್ಟರ್, ಶಿಸ್ತು ಕ್ರಮ.

ಬೆಳಿಗ್ಗೆ 6ರಿಂದ 2 ನಿಮ್ಮ ಮೊದಲ ಶಿಫ್ಟ್ ಆಗಿದ್ದರೆ, ಅವರು ಬರುವ ಎರಡೂ ದಿನ ಮಧ್ಯಾಹ್ನ 1:30ರಿಂದ 2:30 ಶಾಪ್‌ನಲ್ಲೇ ನಿಂತಿರಬೇಕು. ಎರಡೂ ಶಿಫ್ಟ್‌ನವರು ಒಟ್ಟಿಗೆ ಸಿಗುವುದು ಆ ಒಂದು ಗಂಟೆ ಮಾತ್ರ.

ಮೊದಲ ತಿಂಗಳ ಕೆಲಸ ಕಾಂಟ್ರಾಕ್ಟರ್ ಲೆಕ್ಕ. ಗೇಟ್ ರಿಜಿಸ್ಟರ್, ಕಾಂಟ್ರಾಕ್ಟರ್ ಬಿಲ್, ಪಿಎಫ್ ಇಸಿಆರ್ (ಯಾರಿಗೆ ಎಷ್ಟು ಪಿಎಫ್ ಅನ್ನೋ ತಿಂಗಳ ಪಟ್ಟಿ) ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿ. ತಲೆ ಎಣಿಸಿದರೆ ಸಾಲದು, ಯುಎಎನ್ ಹಿಡಿದು ಒಂದೊಂದೇ ಹೆಸರು ತಾಳೆ ನೋಡಿ. 27 ಸಾಲು ಸರಿಯಾಗೇ ಇದ್ದು, ಅದರಲ್ಲಿ ನಾಲ್ಕು ಹೆಸರು ಬೇರೆ ಸೈಟಿನವು ಆಗಿರಬಹುದು. ಎನ್‌ಸಿಪಿ ದಿನಗಳ (ಪಿಎಫ್ ಕಟ್ಟದ ದಿನಗಳ) ಕಾಲಂ ಬಿಡಬೇಡಿ. ತಿಂಗಳಿಗೆ 26 ದಿನ ಗೇಟ್ ದಾಟಿದವನ ಮುಂದೆ ಅಲ್ಲಿ 10 ಅಂತಿದ್ದರೆ, ಹತ್ತು ದಿನದ ಕೂಲಿಗೆ ಪಿಎಫ್ ಕಟ್ಟಿಲ್ಲ ಅಂತ ಅರ್ಥ. ಅದು ಆ ಹುಡುಗನ ದುಡ್ಡು. ಕಾಂಟ್ರಾಕ್ಟರ್ ಕಟ್ಟದಿದ್ದರೆ ಹೊಣೆ ನಿಮ್ಮ ತಲೆಗೇ ಬರುತ್ತೆ. ಹಿಂದಿನ ತಿಂಗಳ ಚಲನ್ ತಾಳೆಯಾಗದೆ ಈ ತಿಂಗಳ ಬಿಲ್ ಪಾಸ್ ಮಾಡಬೇಡಿ.

ವೇಜ್‌ಶೀಟ್:
ಅಕೌಂಟೆಂಟ್ ಒಬ್ಬರೇ ನೋಡುವ ಕಡೆ ಪದೇ ಪದೇ ಆಗುವ ತಪ್ಪು ಎರಡು.

ಒಂದು ಇಎಸ್‌ಐ. ಜುಲೈನಲ್ಲಿ ಇನ್‌ಕ್ರಿಮೆಂಟ್ ಕೊಟ್ಟು ಸಂಬಳ 21,000 ದಾಟಿದ ತಕ್ಷಣ ಹೆಸರು ತೆಗೆದುಬಿಡ್ತಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ಎರಡು ಅವಧಿ ಇವೆ. ನಡುವೆ ಮಿತಿ ದಾಟಿದರೂ ಆ ಅವಧಿ ಮುಗಿಯುವವರೆಗೆ ಕಟ್ಟಲೇಬೇಕು, ಮಾಲೀಕರದು 3.25%, ಕಾರ್ಮಿಕರದು 0.75%. ಓಟಿ (ಹೆಚ್ಚುವರಿ ಗಂಟೆಗಳ ಕೆಲಸ) ಹಣವನ್ನು 21,000ದ ಮಿತಿಗೆ ಸೇರಿಸುವ ಹಾಗಿಲ್ಲ. ಓಟಿಯನ್ನು ಕ್ಯಾಶಲ್ಲಿ, ಸಿಂಗಲ್ ರೇಟಲ್ಲಿ ಕೊಡುವ ಅಭ್ಯಾಸ ಇದ್ದರೆ ಈಗಲೇ ನಿಲ್ಲಿಸಿ. ದರ ಎರಡು ಪಟ್ಟು.

ಇನ್ನೊಂದು ಬೇಸಿಕ್. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಒಟ್ಟು 20,000ದಲ್ಲಿ ಬೇಸಿಕ್ 8,000, ಉಳಿದ 12,000 ಭತ್ಯೆ ಅಂತಿಟ್ಟುಕೊಳ್ಳಿ. ಭತ್ಯೆ ಅರ್ಧ ದಾಟುವಂತಿಲ್ಲ, ಹೆಚ್ಚಾದ 2,000 ವೇತನಕ್ಕೇ ಸೇರುತ್ತೆ. ಗ್ರಾಚ್ಯುಟಿ ಲೆಕ್ಕ 8,000ಕ್ಕಲ್ಲ, 10,000ಕ್ಕೆ. ವರ್ಷವೊಂದಕ್ಕೆ 15/26ರ (26 ದಿನದ ತಿಂಗಳಲ್ಲಿ 15 ದಿನದ ವೇತನ) ಪ್ರಕಾರ 4,615 ಇದ್ದದ್ದು 5,769 ಆಗುತ್ತೆ. 43 ಜನರಿಗೂ ಶೀಟ್ ಹಾಕಿ ನೋಡಿ, ಆಮೇಲೆ ಹೊಸ ಆರ್ಡರ್‌ಗೆ ರೇಟ್ ಕೊಡಿ.

ಸೆಟ್ಟಿಂಗ್‌ಪೀಸ್:
ಸೆಟ್ಟರ್ ವಿಷಯಕ್ಕೆ ಸ್ಕಿಲ್ ಮ್ಯಾಟ್ರಿಕ್ಸ್ ಹಾಕಿಸಿ. ಮೇಲೆ ಮೆಷಿನ್‌ಗಳು, ಪಕ್ಕದಲ್ಲಿ ಹೆಸರುಗಳು. ಲೋಡಿಂಗ್ ಬಂದರೆ 1, ಆಫ್‌ಸೆಟ್ (ಟೂಲ್ ಅಳತೆ) ತಿದ್ದಲು ಬಂದರೆ 2, ಪೂರ್ತಿ ಸೆಟ್ಟಿಂಗ್‌ಗೆ 3, ಇನ್ನೊಬ್ಬರಿಗೆ ಕಲಿಸಬಲ್ಲವರಿಗೆ 4. 1ರಿಂದ 2ಕ್ಕೆ ಏರಿದ ತಿಂಗಳೇ ಸಂಬಳವೂ ಏರಬೇಕು. 2ರವರಿಗೂ 3ರವರಿಗೂ ಸಂಬಳದಲ್ಲಿ ಎದ್ದು ಕಾಣುವ ಅಂತರ ಇಲ್ಲದಿದ್ದರೆ, ಕಲಿತವರು ಅದನ್ನು ಪಕ್ಕದ ಶೆಡ್‌ನಲ್ಲಿ ಕೇಳಿ ತಗೋತಾರೆ. ಅದರಲ್ಲಿ ಅವರ ತಪ್ಪೇನಿಲ್ಲ.

ಮೂರು ಶಿಫ್ಟ್‌ಗೆ ಮೂವರು ಸೆಟ್ಟರ್ ಸಾಕು ಅಂತ ಲೆಕ್ಕ ಹಾಕಬೇಡಿ, ರಜೆಗೆ ನಾಲ್ಕನೆಯವರು ಬೇಕು. ಅತ್ಯುತ್ತಮ ಸೆಟ್ಟರ್‌ನ ಅವಸರದಲ್ಲಿ ಸೂಪರ್‌ವೈಸರ್ ಮಾಡಿದರೆ ಅಲ್ಲೊಂದು ಖಾಲಿ, ಇಲ್ಲೊಂದು ತಲೆನೋವು.

ಟರ್ನಿಂಗ್‌ಶಾಪ್:
ತುಂಬಾ ಉಪಯೋಗವಾಯ್ತು. ಷೋಕಾಸ್ ನೋಟಿಸ್‌ಗೆ ಅವರೇ ಸಹಿ ಹಾಕಬಹುದೇ? ಒಪ್ಪಂದದಲ್ಲಿ ಏನಿರಬೇಕು?

ಮಸ್ಟರ್‌ರೋಲ್:
ಡ್ರಾಫ್ಟ್ ಅವರು ಮಾಡಲಿ, ಸಹಿ ನೇಮಕ ಮಾಡಿದ ನಿಮ್ಮದೇ ಇರಲಿ. ಚಾರ್ಜ್‌ಶೀಟ್ ಬರೆದವರೇ ವಿಚಾರಣೆಗೂ ಕೂರಬಾರದು, ಇಡೀ ವಿಚಾರಣೆ ಬಿದ್ದುಹೋಗುತ್ತೆ. ಅದಕ್ಕೆ ಹೊರಗಿನವರನ್ನು ಕರೆಸಿ. ಲೈಂಗಿಕ ಕಿರುಕುಳ ದೂರಿನ ಆಂತರಿಕ ಸಮಿತಿಗೆ ಅಧ್ಯಕ್ಷೆ ನಿಮ್ಮಲ್ಲೇ ಕೆಲಸ ಮಾಡುವ ಹಿರಿಯ ಮಹಿಳೆ ಆಗಿರಬೇಕು. ಅದನ್ನೂ ಪಾರ್ಟ್ ಟೈಮ್‌ನವರಿಗೆ ವಹಿಸಬೇಡಿ.

ಒಪ್ಪಂದದಲ್ಲಿ ಬರುವ ದಿನ, ಉಳಿದ ದಿನ ಫೋನಿಗೆ ಸಿಗುವ ಸಮಯ, ಬಿಡುವ ಮುಂಚೆ 30 ದಿನದ ನೋಟಿಸ್ ಬರೆಸಿ. ಪಿಎಫ್, ಇಎಸ್‌ಐ ಪೋರ್ಟಲ್‌ಗಳಿಗೆ ಕಂಪನಿ ಸಿಮ್ ನಂಬರ್, ಕಂಪನಿ ಇಮೇಲ್ ಮಾತ್ರ ಹಾಕಿಸಿ. ಒಟಿಪಿ ಅವರ ಸ್ವಂತ ಮೊಬೈಲ್‌ಗೆ ಹೋಗುತ್ತಿದ್ದು, ಅವರು ಬಿಟ್ಟ ತಿಂಗಳೇ ಹಣ ಕಟ್ಟುವ ಕೊನೇ ದಿನವಾದ 15ನೇ ತಾರೀಕು ಹತ್ತಿರ ಬಂದರೆ ಚಲನ್ ತೆಗೆಯೋಕೂ ಆಗಲ್ಲ.