ಹೊಟ್ಟೆಯಲ್ಲಿ ಮಗುವಿನ ಮಿಸುಕಾಟ: ಎಷ್ಟಿದ್ದರೆ ಸರಿ, ಯಾವಾಗ ಆಸ್ಪತ್ರೆಗೆ ಹೋಗಬೇಕು?

ಕೇಳಿದವರು, ದಾವಣಗೆರೆ ವಿದ್ಯಾನಗರ:
ನನಗೀಗ 29ನೇ ವಾರ, ಚೊಚ್ಚಲು. ಹೋದ ಸಲ ಚೆಕಪ್‌ಗೆ ಹೋದಾಗ ಡಾಕ್ಟರ್ "ಮಗು ಓಡಾಟ ನೋಡ್ಕೋಬೇಕಮ್ಮ" ಅಂದರು. ಹಿಂದೆ ದೊಡ್ಡ ಸಾಲಿತ್ತು, ಹೇಗೆ ನೋಡಿಕೊಳ್ಳಬೇಕು ಅಂತ ಕೇಳಲು ಆಗಲಿಲ್ಲ. ಬ್ಯಾಂಕಿನಲ್ಲಿ ಕೆಲಸ. ಹಗಲೆಲ್ಲ ಏನೂ ಗೊತ್ತಾಗುವುದಿಲ್ಲ, ರಾತ್ರಿ ಮಲಗಿದ ತಕ್ಷಣ ಶುರು. ಮೊಬೈಲ್ ಆ್ಯಪ್ ದಿನಾ ಹತ್ತು ಎಣಿಸು ಅನ್ನುತ್ತದೆ. ಅತ್ತೆ ಎಣಿಸಬೇಡ, ದೃಷ್ಟಿ ಆಗುತ್ತದೆ ಅನ್ನುತ್ತಾರೆ. ನೀವೆಲ್ಲ ಏನು ಮಾಡಿದಿರಿ?

ನಿಟುವಳ್ಳಿಯಿಂದ, ಇಬ್ಬರು ಮಕ್ಕಳ ತಾಯಿ:
ಹಗಲು ಗೊತ್ತಾಗದೆ ರಾತ್ರಿ ಗೊತ್ತಾಗುವುದು ನನಗೂ ಹಾಗೇ ಇತ್ತು ತಂಗಿ. ಕೆಲಸದ ಗಡಿಬಿಡಿಯಲ್ಲಿ ಮಗು ಒದ್ದರೂ ನಮ್ಮ ಗಮನ ಅಲ್ಲಿರುವುದಿಲ್ಲ. ಮಲಗಿ ಸುಮ್ಮನಾದಾಗ ಎಲ್ಲ ಗೊತ್ತಾಗುತ್ತದೆ.

ಮೊದಲನೆಯವಳ ಹೊತ್ತಿಗೆ 20 ವಾರ ದಾಟಿದ ಮೇಲೆಯೇ ನನಗೆ ತಿಳಿದದ್ದು. ಅದೂ ಗ್ಯಾಸೋ ಮಗುವೋ ಅಂತ ಅನುಮಾನ. ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳಿಗೆ ಬಿದ್ದ ಅಕ್ಕಿ ಪಟಪಟ ಅರಳುತ್ತದಲ್ಲ, ಹೊಟ್ಟೆಯೊಳಗೆ ಅಂಥದ್ದೇ. ಎರಡನೆಯವನು ಅದಕ್ಕಿಂತ ಎಷ್ಟೋ ಮುಂಚೆ ತಿಳಿದ, ಅನುಭವ ಇತ್ತಲ್ಲ. ಅವಳು ರಾತ್ರಿ ಊಟ ಆದ ಮೇಲೆ ಶುರು ಮಾಡುತ್ತಿದ್ದಳು. ಇವನು ಬೆಳಗಿನ ಜಾವ ನಲ್ಲಿ ನೀರು ಹಿಡಿಯಲು ಎದ್ದು ಮತ್ತೆ ಮಲಗಿದೆನೆಂದರೆ ಒಂದೇ ಸಮ ಒದೆಯುತ್ತಿದ್ದ. ಒಂದೇ ಹೊಟ್ಟೆಯ ಇಬ್ಬರಿಗೇ ಇಷ್ಟು ವ್ಯತ್ಯಾಸ. ಪಕ್ಕದ ಮನೆಯವಳ ಮಗು ಜೊತೆ ಹೋಲಿಸಿಕೊಂಡು ಯಾಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಕು?

ಅತ್ತೆಗೆ "ಎಣಿಸ್ತಿದೀನಿ" ಅಂತ ಹೇಳಬೇಡಿ. "ಸ್ವಲ್ಪ ಮಲಗಿದೀನಿ ಅತ್ತೆ" ಅನ್ನಿ, ಸಾಕು.

ಚಿತ್ರದುರ್ಗ ಜಿಲ್ಲೆಯಿಂದ, ಹೆರಿಗೆ ವಾರ್ಡಿನಲ್ಲಿ ನರ್ಸ್:
ಎಣಿಕೆ ಬಗ್ಗೆ ಹೇಳುತ್ತೇನೆ. ಒಬ್ಬೊಬ್ಬ ಡಾಕ್ಟರ್ ಒಂದೊಂದು ರೀತಿ ಹೇಳಿಕೊಡುತ್ತಾರೆ. ಕೆಲವರು ಊಟ ಆದ ಮೇಲೆ ಒಂದು ಗಂಟೆಯಲ್ಲಿ 3 ಸಲವಾದರೂ ಗೊತ್ತಾಗಬೇಕು ಅನ್ನುತ್ತಾರೆ. ಕೆಲವರು 2 ಗಂಟೆಯಲ್ಲಿ 10 ಅನ್ನುತ್ತಾರೆ. ನಿಮ್ಮ ಡಾಕ್ಟರ್ ಹೇಳಿದ್ದನ್ನೇ ಹಿಡಿದುಕೊಳ್ಳಿ. ಒದೆತ, ಹೊರಳಾಟ, ತಳ್ಳಿದ್ದು, ಸರಿದಾಡಿದ್ದು ಎಲ್ಲವೂ ಲೆಕ್ಕಕ್ಕೆ. ಒಂದೇ ತಾಳದಲ್ಲಿ ಬರುವ ಬಿಕ್ಕಳಿಕೆ ಲೆಕ್ಕಕ್ಕಿಲ್ಲ.

ಆದರೆ ಸಂಖ್ಯೆಯೇ ಎಲ್ಲ ಅಲ್ಲ. ದಿನಾ ಜೋರಾಗಿ ಒದೆಯುವ ಮಗು ಇವತ್ತು ಸಪ್ಪಗಿದ್ದರೆ, ಲೆಕ್ಕದಲ್ಲಿ ಹತ್ತು ಬಂದರೂ ತೋರಿಸಬೇಕು. ನಿಮ್ಮ ಮಗುವಿನ ರೂಢಿ ಏನು, ಅದು ಬದಲಾಯಿತೇ ಅನ್ನುವುದೇ ಮುಖ್ಯ. 28 ವಾರದ ಹೊತ್ತಿಗೆ ಆ ರೂಢಿ ತಾಯಿಗೆ ಗೊತ್ತಾಗಲು ಶುರುವಾಗಿರುತ್ತದೆ. ದಿನಾ ಒಂದೇ ಹೊತ್ತಿನಲ್ಲಿ, ಮಗು ಚುರುಕಾಗಿರುವ ಹೊತ್ತಿನಲ್ಲೇ, ಎಡಕ್ಕೋ ಬಲಕ್ಕೋ ಮಗ್ಗುಲಾಗಿ ಮಲಗಿ ಗಮನಿಸಿ. ಅಂಗಾತ ಬೇಡ. ರಾತ್ರಿ ನಿದ್ದೆಗೂ ಮಗ್ಗುಲೇ ಒಳ್ಳೆಯದು.

ಮಗುವೂ ನಿದ್ದೆ ಮಾಡುತ್ತದೆ. ಸಾಮಾನ್ಯವಾಗಿ 20ರಿಂದ 40 ನಿಮಿಷ, ಒಂದೂವರೆ ಗಂಟೆ ದಾಟುವುದು ಅಪರೂಪ. ಹಾಗಾಗಿ ಅರ್ಧ ಗಂಟೆ ಸುಮ್ಮನಿದ್ದರೆ ಗಾಬರಿ ಬೇಡ. ಕೆಲಸದಲ್ಲಿ ಗಮನಿಸಲಿಲ್ಲವೋ ಏನೋ ಅಂತ ಅನುಮಾನ ಇದ್ದರೆ ಮಗ್ಗುಲಾಗಿ ಮಲಗಿ ನೋಡಿ. ಅದಕ್ಕೂ 2 ಗಂಟೆಗಿಂತ ಜಾಸ್ತಿ ಕೊಡಬೇಡಿ. ಇನ್ನು ಕಡಿಮೆಯಾಗಿದೆ ಅಥವಾ ನಿಂತೇ ಹೋಗಿದೆ ಅಂತ ನಿಮಗೇ ಖಚಿತವಾಗಿದ್ದರೆ ಎಣಿಸುತ್ತಾ ಕೂರುವುದೇ ಬೇಡ, ಹೊರಡಿ.

ಹರಿಹರದಿಂದ:
ನಾನು ಕಡಿಮೆ ಅನಿಸಿದಾಗೆಲ್ಲ ಒಂದು ಲೋಟ ಜ್ಯೂಸ್ ಕುಡಿಯುತ್ತಿದ್ದೆ. ಆಮೇಲೆ ಒದೆಯುತ್ತಿತ್ತು. ತಣ್ಣೀರೂ ನಡೆಯುತ್ತದೆ.

ನರ್ಸ್:
ಕುಡಿಯಿರಿ, ನಮ್ಮ ಬಿಸಿಲಿಗೆ ಒಳ್ಳೆಯದೇ. ಆದರೆ ಅದನ್ನು ಪರೀಕ್ಷೆ ಅಂದುಕೊಳ್ಳಬೇಡಿ. ಸಿಹಿ ಕುಡಿದಾಗ ಎರಡು ಸಲ ಮಿಸುಕಿತು ಅಂತ ಸಮಾಧಾನ ಮಾಡಿಕೊಂಡು ಮಲಗಿದವರನ್ನು ಮರುದಿನ ವಾರ್ಡಿನಲ್ಲಿ ನೋಡಿದ್ದೇನೆ. ಮಗುವಿನ ಎದೆಬಡಿತ ಮನೆಯಲ್ಲೇ ಕೇಳಲು ಅಂತ ಆನ್‌ಲೈನ್‌ನಲ್ಲಿ ಸಿಗುವ ಡಾಪ್ಲರ್ ಮೆಷಿನ್ ಕೂಡ ಹಾಗೆಯೇ. ಅದರಲ್ಲಿ ಕೇಳಿಸಿದ್ದು ನಿಮ್ಮದೇ ನಾಡಿ ಆಗಿರಬಹುದು. ಮಗುವಿನದೇ ಆದರೂ, ಎದೆ ಬಡಿಯುತ್ತಿದೆ ಅಂದ ಮಾತ್ರಕ್ಕೆ ಮಗು ಚೆನ್ನಾಗಿದೆ ಅಂತ ಅಲ್ಲ.

ಕೆ.ಟಿ.ಜೆ. ನಗರ, ದಾವಣಗೆರೆ:
ನನ್ನದು ಸ್ವಲ್ಪ ದೊಡ್ಡ ಕಥೆ, ಓದಿ. ಕುಬುಸ ಮುಗಿಸಿ ತವರಿಗೆ ಬಂದಿದ್ದೆ, 34ನೇ ವಾರ. ಒಂದು ದಿನ ಸಂಜೆ ಅವ್ವ "ಯಾಕವ್ವಾ, ಹೊಟ್ಟೆ ಮುಟ್ಟಿ ಮುಟ್ಟಿ ನೋಡ್ತಿದೀಯ?" ಅಂದಳು. ಬೆಳಗಿನಿಂದ ಮಗು ಸಪ್ಪಗಿದೆ ಅಂದೆ. ಅವ್ವ ಒಲೆ ಮೇಲಿನ ಸಾರನ್ನು ಹಾಗೇ ಇಳಿಸಿ, ಅಣ್ಣನಿಗೆ ಗಾಡಿ ತೆಗಿ ಅಂದಳು.

ಆಸ್ಪತ್ರೆಯಲ್ಲಿ ಎನ್‌ಎಸ್‌ಟಿ ಮಾಡಿದರು. ಹೆಸರು ಕೇಳಿ ಹೆದರಬೇಡಿ, ನೋವಿಲ್ಲ. ಒರಗಿಸಿ ಕೂರಿಸಿ ಹೊಟ್ಟೆಗೆ ಎರಡು ಬೆಲ್ಟ್ ಕಟ್ಟುತ್ತಾರೆ. ಒಂದು ಮಗುವಿನ ಎದೆಬಡಿತಕ್ಕೆ, ಇನ್ನೊಂದು ಹೊಟ್ಟೆ ಬಿಗಿಯುತ್ತಿದೆಯಾ ಅಂತ ನೋಡಲು. ಕೈಗೆ ಒಂದು ಬಟನ್ ಕೊಟ್ಟು, ಮಗು ಅಲುಗಿದಾಗೆಲ್ಲ ಒತ್ತಮ್ಮ ಅನ್ನುತ್ತಾರೆ. ಪಕ್ಕದಲ್ಲಿ ಕಾಗದ ಸುರುಳಿ ಬಿಚ್ಚುತ್ತಾ ಗೆರೆ ಬೀಳುತ್ತಿರುತ್ತದೆ. ಎದೆಬಡಿತ ನಿಮಿಷಕ್ಕೆ 110ರಿಂದ 160ರೊಳಗೆ ಇರಬೇಕು, ಮಗು ಅಲುಗಿದಾಗ ಸ್ವಲ್ಪ ಏರಬೇಕು ಅಂತ ಡಾಕ್ಟರ್ ತೋರಿಸಿದರು. ಸುಮಾರು 20 ನಿಮಿಷದ ಕೆಲಸ. ಎಲ್ಲ ಚೆನ್ನಾಗಿದೆ ಅಂತ ಕಳಿಸಿದರು. ಹೊರಡುವಾಗ ಅಲ್ಲೇ ಒಬ್ಬರು "ಫಸ್ಟ್ ಟೈಮಾ? ಹಂಗೇ ಅನ್ಸುತ್ತೆ ಬಿಡಿ" ಅಂದರು. ಮುಖ ಸಣ್ಣದಾಯಿತು.

ಸ್ವಲ್ಪ ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಅಣ್ಣ "ಮೊನ್ನೆ ತಾನೇ ತೋರಿಸಿದೀವಲ್ಲ" ಅಂದ. ಆ ಮಾತಿಗೆ ನಾನೂ ನಿಲ್ಲಲಿಲ್ಲ, ಅವ್ವನೂ ನಿಲ್ಲಲಿಲ್ಲ. ಈ ಸಲ ಸ್ಕ್ಯಾನಿಂಗ್‌ನಲ್ಲಿ ನೀರು ಕಡಿಮೆಯಾಗಿತ್ತು, ಮಗುವಿನ ಬೆಳವಣಿಗೆಯೂ ಕುಂಠಿತ. ಅವತ್ತೇ ಅಡ್ಮಿಟ್ ಮಾಡಿಕೊಂಡು ಆಪರೇಷನ್ ಮಾಡಿ ತೆಗೆದರು. ಸಣ್ಣ ಕೂಸು, ಕೆಲವು ದಿನ ಐಸಿಯುನಲ್ಲಿ ಇಟ್ಟಿದ್ದರು. ಈಗ ಅಂಗನವಾಡಿಗೆ ಹೋಗುತ್ತಾಳೆ, ಅಲ್ಲಿನ ಟೀಚರಮ್ಮನಿಗೇ ಬುದ್ಧಿ ಹೇಳುತ್ತಾಳೆ.

ನರ್ಸ್:
ಇವರ ಅವ್ವನಿಗೆ ನನ್ನ ನಮಸ್ಕಾರ. ಎರಡನೇ ಸಲ ಕಡಿಮೆಯಾದರೆ ಮೊದಲಿಗಿಂತ ಜಾಸ್ತಿ ಎಚ್ಚರ ಬೇಕು. ಮೊನ್ನೆ ಸರಿಯಿತ್ತು ಅಂದರೆ ಅದು ಮೊನ್ನೆಯ ಮಾತು. ಮಾಸಿನಿಂದ ಮಗುವಿಗೆ ರಕ್ತ, ಆಮ್ಲಜನಕ ಸರಿಯಾಗಿ ಹೋಗದಿದ್ದರೆ ಮಗು ಶಕ್ತಿ ಉಳಿಸಿಕೊಳ್ಳಲು ಓಡಾಟ ಕಡಿಮೆ ಮಾಡುತ್ತದೆ. ಹಾಗಂತ ಪ್ರತಿ ಸಲ ತೊಂದರೆಯೇ ಇರುತ್ತದೆ ಅಂತಲ್ಲ. ತೋರಿಸಲು ಬಂದವರಲ್ಲಿ ಹೆಚ್ಚಿನವರು ಎಲ್ಲ ಸರಿಯಿದೆ ಅನ್ನಿಸಿಕೊಂಡೇ ಮನೆಗೆ ಹೋಗುತ್ತಾರೆ. ಹಾಗೆ ವಾಪಸ್ ಕಳಿಸುವುದು ನಮಗೂ ಖುಷಿಯೇ.

ಚಳ್ಳಕೆರೆಯಿಂದ:
ಒಂಬತ್ತು ತುಂಬಿದ ಮೇಲೆ ಜಾಗ ಇರುವುದಿಲ್ಲ, ಮಗು ಸುಮ್ಮನಾಗುತ್ತದೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ನಿಜವಾ?

ನರ್ಸ್:
ಅರ್ಧ ನಿಜ. ದೊಡ್ಡ ದೊಡ್ಡ ಒದೆತ ಹೋಗಿ ಹೊರಳಾಟ, ತಳ್ಳಾಟ ಆಗಬಹುದು. ಆದರೆ ಎಷ್ಟು ಸಲ ಅನ್ನುವುದು ಕಡಿಮೆ ಆಗಬಾರದು. 32 ವಾರದವರೆಗೆ ಓಡಾಟ ಹೆಚ್ಚುತ್ತಾ ಹೋಗುತ್ತದೆ, ಆಮೇಲೆ ಹೆರಿಗೆಯವರೆಗೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ನೋವು ಶುರುವಾದ ಮೇಲೂ ಮಗು ಮಿಸುಕುತ್ತಿರಬೇಕು. "ಹೆರಿಗೆ ಹತ್ತಿರ ಬಂತು, ಅದಕ್ಕೇ ಸುಮ್ಮನಿದೆ" ಅನ್ನುವ ಮಾತಿನಿಂದ ತಡವಾದಷ್ಟು ಬೇರೆ ಯಾವುದರಿಂದಲೂ ಆಗಿದ್ದು ನಾನು ಕಂಡಿಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನನ್ನ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಪ್ಲಾಸೆಂಟಾ ಆಂಟೀರಿಯರ್ ಅಂತ ಇದೆ. ಅದರಿಂದ ಏನಾದರೂ ಆಗುತ್ತದಾ?

ನರ್ಸ್:
ಮಾಸು ಗರ್ಭಕೋಶದ ಮುಂಭಾಗದ ಗೋಡೆಗೆ ಅಂಟಿಕೊಂಡಿದೆ ಅಂತ ಅರ್ಥ. ಅದು ರೋಗವಲ್ಲ. ಒದೆತ ನಡುವೆಯೇ ತಡೆದು ಮೆತ್ತಗೆ ಅನಿಸಬಹುದು, ಮೊದಮೊದಲು ತಡವಾಗಿ ಗೊತ್ತಾಗಬಹುದು. ಯಾರಿಗೇ ಆಗಲಿ 24 ವಾರ ದಾಟಿದರೂ ಒಮ್ಮೆಯೂ ಗೊತ್ತಾಗದಿದ್ದರೆ ಡಾಕ್ಟರಿಗೆ ಹೇಳಬೇಕು. ನಿಮಗೆ ಈಗಾಗಲೇ ಗೊತ್ತಾಗುತ್ತಿದೆ, ರೂಢಿಯೂ ಇದೆ. ಆ ರೂಢಿ ತಪ್ಪಿದರೆ ಮಾತ್ರ ಮಾಸು ಮುಂದಿದೆ, ಅದಕ್ಕೇ ಅಂತ ಸುಮ್ಮನಿರಬೇಡಿ.

ನೀರು ಸೋರಿದರೆ, ರಕ್ತ ಕಂಡರೆ, ವಿಪರೀತ ತಲೆನೋವು ಅಥವಾ ಕಣ್ಣು ಮಂಜಾದರೆ, ಮುಖ ಕೈ ದಿಢೀರ್ ಊದಿದರೆ, ಅಂಗೈ ಅಂಗಾಲು ಒಂದೇ ಸಮ ತುರಿಸಿದರೆ, ಮಗು ಚೆನ್ನಾಗಿ ಓಡಾಡುತ್ತಿದ್ದರೂ ಹೋಗಲೇಬೇಕು.

ಜಗಳೂರು ಕಡೆಯ ಹಳ್ಳಿಯಿಂದ, ಒಬ್ಬ ಅಪ್ಪ:
ಅಕ್ಕ, ನೀವು ಊರಿನಲ್ಲೇ ಇದ್ದೀರಿ, ಆಟೋ ಹಿಡಿದರೆ ಆಸ್ಪತ್ರೆ. ನಮ್ಮಂಥವರಿಗಾಗಿ ಎರಡು ಮಾತು. ಅಪರಾತ್ರಿ ಗಾಡಿ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ, ದುಡ್ಡಿಲ್ಲ. ಊರಿನ ಆಶಾ ಅಕ್ಕನ ನಂಬರ್ ಗಂಡ, ಅತ್ತೆ, ಮೈದುನ ಎಲ್ಲರ ಮೊಬೈಲಿನಲ್ಲೂ ಇರಲಿ. ಹೋಗಬೇಕಾ ಬೇಡವಾ ಅಂತ ಕೇಳಲು 104 ಇದೆ, ಆದರೆ ಅದು ಎಂಗೇಜ್ ಬಂದರೆ ಕಾಯುತ್ತಾ ಕೂರದೆ ಹೊರಟುಬಿಡಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದಲ್ಲ, ಹೇಗೂ ಆವತ್ತು ಹೋಗುತ್ತೇವೆ ಅಂತ ನಮ್ಮ ಕಡೆ ಎಷ್ಟೋ ಜನ ಕಾಯುತ್ತಾರೆ. ಮಗು ಸಪ್ಪಗಾಗಿದ್ದರೆ ತಾರೀಕು ನೋಡುವ ಹಾಗಿಲ್ಲ.

ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ಬ್ಲಡ್ ರಿಪೋರ್ಟ್ ಎಲ್ಲ ಒಂದೇ ಕವರಿನಲ್ಲಿ ಹಾಕಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೆ. ಆಸ್ಪತ್ರೆಗೆ ಹೋದ ತಕ್ಷಣ "ಮಗು ಓಡಾಟ ಕಡಿಮೆ ಆಗಿದೆ, ಇಷ್ಟನೇ ವಾರ, ಇಷ್ಟು ಹೊತ್ತಿನಿಂದ" ಅಂತ ಮೊದಲ ಮಾತಿಗೇ ಹೇಳಿ. ಸುಮ್ನೆ ಚೆಕಪ್ ಅಂದರೆ ಬೆಂಚಿನ ಮೇಲೆ ಕೂರಿಸುತ್ತಾರೆ.